ಮನೋರೋಗ ಮತ್ತು ಅಪರಾಧ ನ್ಯಾಯ: ಲಾಕಪ್ ಅಲ್ಲ, ಆಸ್ಪತ್ರೆ

ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯ ಬೀದಿಯಲ್ಲಿ ಮನೋರೋಗಿಯೊಬ್ಬರು ದಿಕ್ಕು ತೋಚದೆ ಅಲೆಯುತ್ತಿದ್ದರೆ ಪೊಲೀಸರ ಹೊಣೆ ಏನು? ಉತ್ತರ ಇರುವುದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ (ಜಾರಿ: 29 ಮೇ 2018) 100ನೇ ಕಲಂನಲ್ಲಿ. ರಕ್ಷಣೆಗೆ ಪಡೆದವರನ್ನು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಯಾವ ಕಾರಣಕ್ಕೂ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. ಈ ಕಾಯ್ದೆಯ ಅತಿ ಮಾನವೀಯ ಸಾಲು ಇದೇ. ಪರೀಕ್ಷೆಯ ಅಂಕಕ್ಕಾಗಿ ಮಾತ್ರವಲ್ಲ, ಮುಂದೆ ಖಾಕಿ ತೊಡುವವರು ಮನಸ್ಸಿನಲ್ಲಿಡಬೇಕಾದದ್ದು.

ಇದೇ ಕಾಯ್ದೆಯ ಕಲಂ 27 ಮನೋರೋಗಿಗಳಿಗೆ ಉಚಿತ ಕಾನೂನು ನೆರವಿನ ಹಕ್ಕು ಕೊಡುತ್ತದೆ. ಕಲಂ 103ರಂತೆ ಪ್ರತಿ ರಾಜ್ಯದ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಚಿಕಿತ್ಸಾ ಘಟಕ ಇರಬೇಕು.

ಅಪರಾಧದ ಹೊಣೆಯ ಪ್ರಶ್ನೆಯನ್ನು ಈ ಕಾಯ್ದೆಯೊಂದಿಗೆ ಬೆರೆಸಬೇಡಿ: ಕೃತ್ಯದ ವೇಳೆ ಬುದ್ಧಿ ಸ್ವಾಧೀನದಲ್ಲಿರಲಿಲ್ಲ ಎಂಬ ವಾದಕ್ಕೆ ಆಧಾರ ಭಾರತೀಯ ನ್ಯಾಯ ಸಂಹಿತೆಯ ಕಲಂ 22 (ಹಳೆಯ ಐಪಿಸಿ 84). ರೋಗದ ಚೀಟಿಯೊಂದೇ ಸಾಲದು. ಕೃತ್ಯದ ಸ್ವರೂಪವನ್ನಾಗಲಿ, ಅದು ತಪ್ಪೆಂಬುದನ್ನಾಗಲಿ ಅರಿಯುವ ಶಕ್ತಿ ಆಗ ಇರಲಿಲ್ಲವೆಂದು ಆರೋಪಿಯೇ ತೋರಿಸಬೇಕು. ಶಿಕ್ಷೆಯಾದ ಬಳಿಕವೂ ಮನೋರೋಗ ಲೆಕ್ಕಕ್ಕೆ ಬರುತ್ತದೆ: ಶತ್ರುಘ್ನ ಚೌಹಾಣ್ ಪ್ರಕರಣದಲ್ಲಿ (2014) ಸುಪ್ರೀಂ ಕೋರ್ಟ್, ಮನೋರೋಗವನ್ನು ಗಲ್ಲುಶಿಕ್ಷೆ ಜೀವಾವಧಿಗೆ ಇಳಿಸಲು ಕಾರಣವೆಂದು ಒಪ್ಪಿತು.

ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ (ಸ್ಥಾಪನೆ 1974), ಫೋನ್ ಮೂಲಕ ಮಾನಸಿಕ ಆರೋಗ್ಯ ನೆರವು ನೀಡುವ ಟೆಲಿ ಮಾನಸ್ ಯೋಜನೆಯ ಮುಖ್ಯ ಕೇಂದ್ರ. ಯೋಜನೆಯ ಉಚಿತ ಸಹಾಯವಾಣಿ: 14416.