ಬೇಸಿಗೆಯ ತಾಪವನ್ನು ದನಕರುಗಳು ತಾಳಿಕೊಳ್ಳುವ ಬಗೆ

ಬೇಸಿಗೆಯ ಮಧ್ಯಾಹ್ನದಲ್ಲಿ ಎತ್ತು ನೊಗದಡಿಯಲ್ಲಿಯೇ ನಿಂತುಬಿಟ್ಟರೆ ಮೈಗಳ್ಳತನವೆಂದೂ, ಹಸುವು ಮೇವನ್ನು ಮೂಸಿ ಬಿಟ್ಟರೆ ರೋಗವೆಂದೂ, ಎಮ್ಮೆಯು ಕೆರೆಯಿಂದ ಏಳದಿದ್ದರೆ ಹಟವೆಂದೂ ಎಣಿಸುವುದು ವಾಡಿಕೆಯಾಗಿದೆ. ಆದರೆ ಬಹುತರ ಸಂದರ್ಭಗಳಲ್ಲಿ ಇವು ಪ್ರಾಣಿಯು ತನ್ನ ದೇಹದ ಶಾಖವನ್ನು ಹತೋಟಿಯಲ್ಲಿಟ್ಟುಕೊಳ್ಳಲು ತಾನಾಗಿಯೇ ಕೈಕೊಳ್ಳುವ ಉಪಾಯಗಳು. ಈ ಉಪಾಯಗಳನ್ನು ಅರಿತು, ಅವಕ್ಕೆ ಅಡ್ಡಿ ಬಾರದಂತೆ ನಡೆದುಕೊಳ್ಳುವ ಒಡೆಯನ ರಾಸುಗಳು ಬೇಸಿಗೆಯನ್ನು ಸುಖವಾಗಿ ಕಳೆಯುವುವು. ಅರಿಯದವನು ಹಾಲನ್ನೂ ದುಡಿಮೆಯನ್ನೂ ಕೆಲವು ವೇಳೆ ರಾಸನ್ನೇ ಕಳೆದುಕೊಳ್ಳುವನು.

ದೇಹದ ಶಾಖ

ಆರೋಗ್ಯವಾಗಿರುವ ದನದ ಮೈಶಾಖವು ಚಳಿಯಲ್ಲಾಗಲಿ ಬಿಸಿಲಿನಲ್ಲಾಗಲಿ ಸುಮಾರು 38.5 ಡಿಗ್ರಿ ಸೆಲ್ಸಿಯಸ್, ಎಂದರೆ 101 ಡಿಗ್ರಿ ಫ್ಯಾರನ್‌ಹೀಟಿಗೆ ತುಸು ಮೇಲಿರುವುದು. ಬಿಸಿಲು ಹೊರಗಿನಿಂದ ಶಾಖವನ್ನು ಕೊಡುವಂತೆ, ದುಡಿಮೆಯೂ ತಿಂದ ಮೇವೂ ಒಳಗಿನಿಂದ ಶಾಖವನ್ನು ಹುಟ್ಟಿಸುವುವು. ಮೆಲುಕು ಹಾಕುವ ಪ್ರಾಣಿಗಳ ದೊಡ್ಡ ಹೊಟ್ಟೆಯಲ್ಲಿ ಮೇವು ಹುದುಗುವಾಗ ಹೊರಡುವ ಕಾವು ಅಲ್ಪವಾದುದಲ್ಲ. ಒಣಹುಲ್ಲು, ಸೊಪ್ಪೆ ಮೊದಲಾದ ನಾರಿನ ಮೇವಿನಿಂದ ಈ ಕಾವು ಇನ್ನೂ ಹೆಚ್ಚು. ಆದುದರಿಂದಲೇ ಸೆಕೆ ಏರಿದಾಗ ಹಸುವು ಮೇವನ್ನು ಕಡಿಮೆ ಮಾಡುವುದು. ಇದು ಒಲೆಯ ಉರಿಯನ್ನು ತಗ್ಗಿಸಿದಂತೆ.

ಸುತ್ತಲಿನ ಗಾಳಿ ಮೈಯಷ್ಟೇ ಬಿಸಿಯಾದಾಗ ಶಾಖವನ್ನು ಹೊರಹಾಕಲು ಉಳಿಯುವ ಮುಖ್ಯ ಮಾರ್ಗವೆಂದರೆ ನೀರು ಆವಿಯಾಗುವುದು. ಬೆವರು ಚರ್ಮದ ಮೇಲೆ ಆರುವಾಗಲೂ, ತೇಗುಸಿರಿನಲ್ಲಿ ಬಾಯಿ ಮೂಗುಗಳ ತೇವ ಆರುವಾಗಲೂ ಮೈ ತಣಿಯುವುದು. ಒಂದು ಲೀಟರು ನೀರು ಹೀಗೆ ಆವಿಯಾದರೆ, ಐದು ಲೀಟರು ಮಂಜಿನಷ್ಟು ತಣ್ಣನೆಯ ನೀರನ್ನು ಕುದಿಸುವುದಕ್ಕೆ ಬೇಕಾಗುವುದಕ್ಕಿಂತಲೂ ಹೆಚ್ಚಿನ ಶಾಖವನ್ನು ಕೊಂಡೊಯ್ಯುವುದು. ಗಾಳಿಯಾಡದ ಕೊಟ್ಟಿಗೆಯಲ್ಲಿಯೂ, ಕರಾವಳಿಯಂತೆ ತೇವ ತುಂಬಿದ ಹವೆಯಲ್ಲಿಯೂ ಬೆವರು ಬೇಗ ಆರದು. ಅಲ್ಲಿ ಬಿಸಿಲು ಕಡಿಮೆಯಿದ್ದರೂ ರಾಸುಗಳು ಬಳಲುವುವು.

ಜಾತಿಗೊಂದು ರೀತಿ

ಹಳ್ಳಿಕಾರ್, ಅಮೃತಮಹಲ್ ಮೊದಲಾದ ನಾಡ ತಳಿಗಳ ಕೂದಲು ಮೋಟು, ನಯ. ಚರ್ಮವು ಸಡಿಲವಾಗಿದ್ದು, ಗಂಗೆದೊಗಲು ಮೈಯ ಹರವನ್ನು ಹೆಚ್ಚಿಸುವುದು. ಬೆವರಿನ ಗ್ರಂಥಿಗಳು ಸೀಮೆ ದನಗಳಲ್ಲಿರುವುದಕ್ಕಿಂತ ದೊಡ್ಡವಾಗಿಯೂ ದಟ್ಟವಾಗಿಯೂ ಇರುವುವು. ದೇಹದೊಳಗೆ ಹುಟ್ಟುವ ಶಾಖವೂ ಕಡಿಮೆ. ಹೋಲ್‌ಸ್ಟೀನ್ ಮುಂತಾದ ಚಳಿಸೀಮೆಯ ತಳಿಗಳು ಹೆಚ್ಚು ತಿಂದು ಹೆಚ್ಚು ಹಾಲು ಕೊಡುವುದರಿಂದ ಅವುಗಳ ಒಡಲಿನ ಕಾವೂ ಹೆಚ್ಚು. ಹವೆಯು 25 ಡಿಗ್ರಿ ಸೆಲ್ಸಿಯಸ್ ದಾಟಿದಾಗಿನಿಂದಲೇ ಅವಕ್ಕೆ ಕಷ್ಟ ಮೊದಲಾಗುವುದು. ಅವುಗಳ ಮಿಶ್ರತಳಿಯ ಹಸುಗಳನ್ನು ಕಟ್ಟಿದವರು ನೆರಳು ನೀರುಗಳ ಖರ್ಚನ್ನೂ ಲೆಕ್ಕದಲ್ಲಿ ಹಿಡಿಯತಕ್ಕದ್ದು.

ಎಮ್ಮೆಯ ಚರ್ಮವು ಕಪ್ಪು, ಕೂದಲು ವಿರಳ, ಬೆವರಿನ ಗ್ರಂಥಿಗಳು ಹಸುವಿಗಿಂತ ಬಹಳ ಕಡಿಮೆ. ಈ ಕೊರತೆಯನ್ನು ಅದು ನೀರಿನಲ್ಲಿ ಮಲಗಿ ತುಂಬಿಕೊಳ್ಳುವುದು. ಮೈಗೆ ಮೆತ್ತಿದ ಕೆಸರು ನಿಧಾನವಾಗಿ ಆರುತ್ತಾ, ಮೇಲೆ ಬಂದ ಬಳಿಕವೂ ತಂಪನ್ನು ಕೊಡುವುದಲ್ಲದೆ ನೊಣಗಳನ್ನೂ ದೂರವಿಡುವುದು. ನೀರಿಗಿಳಿಯಲು ಬಿಡದ ಎಮ್ಮೆಯಲ್ಲಿ ಹಾಲು ತಗ್ಗುವುದು. ಬೆದೆಯ ಲಕ್ಷಣಗಳೂ ಮಸಕಾಗಿ ಒಡೆಯನ ಕಣ್ಣಿಗೆ ಬೀಳದೆ, ಗಬ್ಬಕಟ್ಟುವ ಕಾಲ ತಪ್ಪಿಹೋಗುವುದು.

ಕುರಿಗೆ ಉಣ್ಣೆಯೇ ಕೊಡೆ. ಅದು ಬಿಸಿಲನ್ನು ಚರ್ಮಕ್ಕೆ ಮುಟ್ಟಗೊಡದು. ನೆರಳಿಲ್ಲದ ಬಯಲಿನಲ್ಲಿ ಕುರಿಗಳು ಒತ್ತಾಗಿ ಸೇರಿ, ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆಯಿಟ್ಟು ನಿಲ್ಲುವುದು ತಲೆಯನ್ನು ಕಾಪಾಡಿಕೊಳ್ಳುವ ಉಪಾಯ. ಆ ಹೊತ್ತಿನಲ್ಲಿ ಹಿಂಡನ್ನು ಅಟ್ಟಿಕೊಂಡು ಹೋಗಬಾರದು.

ಹಿಂದಿನವರ ಏರ್ಪಾಡು

ಈ ಸಂಗತಿಯನ್ನು ಮೈಸೂರು ಸೀಮೆಯ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು. ಚಿಕ್ಕದೇವರಾಜ ಒಡೆಯರ (1672–1704) ಕಾಲದ ಬೆಣ್ಣೆಚಾವಡಿಯು ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆಯಿತು. ಆ ಮಂದೆಗಳಿಗೆ ಬಿಟ್ಟಿದ್ದ ಹುಲ್ಲುಗಾವಲುಗಳನ್ನು ಮಳೆಗಾಲದವು, ಚಳಿಗಾಲದವು, ಬೇಸಿಗೆಯವು ಎಂದು ಮೂರಾಗಿ ವಿಂಗಡಿಸಿದ್ದರು. ಬೇಸಿಗೆಯ ಕಾವಲುಗಳು ಸಾಮಾನ್ಯವಾಗಿ ಕೆರೆಯಂಗಳಗಳು. ನೀರು ಹಿಂದೆ ಸರಿದಂತೆ ಅಲ್ಲಿ ಹಸುರು ಹುಲ್ಲು ಚಿಗುರುತ್ತಿತ್ತು. ಮಧ್ಯಾಹ್ನ ದನಗಳು ತಂಗಲು ಮರಗಳ ನೆರಳಿತ್ತು. ಇಂಥ ಕಾವಲುಗಳನ್ನು ಬೆಲೆಯುಳ್ಳವೆಂದು ಜತನವಾಗಿ ಕಾಯುತ್ತಿದ್ದರು. ಬಿಸಿಲನ್ನು ತಡೆಯಲಾಗದಿದ್ದರೂ, ಬಿಸಿಲಿನಿಂದ ತಪ್ಪಿಸಿಕೊಳ್ಳಲು ದನಕ್ಕೆ ಜಾಗ ಕೊಡಬಹುದೆಂಬುದೇ ಆ ಏರ್ಪಾಡಿನ ತಾತ್ಪರ್ಯ.

ಒಡೆಯನು ಮಾಡತಕ್ಕದ್ದು

1. ಉಳುಮೆ ಮತ್ತು ಗಾಡಿಯ ಕೆಲಸವನ್ನು ನಸುಕಿನಲ್ಲಿ ಹೂಡಿ, ಬಿಸಿಲು ಬಲಿಯುವುದರೊಳಗೆ ನಿಲ್ಲಿಸಬೇಕು. ಬಹುದಿನ ಕಟ್ಟಿ ಮೇಯಿಸಿದ ಎತ್ತಿಗೆ ಬಿಸಿಲಿನ ದುಡಿಮೆ ಮೈಗೂಡಲು ಎರಡು ಮೂರು ವಾರಗಳು ಬೇಕು. ದುಡಿಮೆಯನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸತಕ್ಕದ್ದು.

2. ಬೇಸಿಗೆಯಲ್ಲಿ ದೊಡ್ಡ ರಾಸಿಗೆ ದಿನಕ್ಕೆ 40ರಿಂದ 60 ಲೀಟರು ನೀರು ಬೇಕಾಗುವುದು. ಕರೆಯುವ ಹಸುವಿಗೆ ಇನ್ನೂ ಹೆಚ್ಚು ಬೇಕು. ತೊಟ್ಟಿಯು ನೆರಳಿನಲ್ಲಿರಬೇಕು. ಬೆವರು ಜೊಲ್ಲುಗಳಲ್ಲಿ ಉಪ್ಪು ಹೋಗುವುದರಿಂದ ದಿನಕ್ಕೆ ಸುಮಾರು 30 ಗ್ರಾಂ ಉಪ್ಪನ್ನು ಕೊಡುವುದು ಒಳ್ಳೆಯದು.

3. ಮೇವಿನ ದೊಡ್ಡ ಪಾಲನ್ನು ಸಂಜೆ ಮತ್ತು ರಾತ್ರಿ ಹಾಕಿದರೆ, ಅದರಿಂದ ಹುಟ್ಟುವ ಕಾವು ತಂಪು ಹೊತ್ತಿನಲ್ಲಿ ಹೊರಹೋಗುವುದು. ಇದ್ದಷ್ಟು ಹಸುರು ಮೇವನ್ನು ಈ ಕಾಲಕ್ಕೆಂದು ಉಳಿಸಿಕೊಂಡಿರಬೇಕು.

4. ಕೊಟ್ಟಿಗೆಯ ಉದ್ದವು ಪೂರ್ವಪಶ್ಚಿಮವಾಗಿದ್ದರೆ ಬಿಸಿಲು ಒಳಕ್ಕೆ ಬೀಳುವುದು ಕಡಿಮೆ. ತಗಡಿನ ಸೂರಿನ ಮೇಲೆ ಹುಲ್ಲನ್ನೋ ತೆಂಗಿನ ಗರಿಯನ್ನೋ ಹೊದಿಸಬೇಕು. ಕೆರೆಯಿಲ್ಲದ ಕಡೆ ಎಮ್ಮೆಗಳ ಮೈಮೇಲೆ ಮಧ್ಯಾಹ್ನ ಎರಡು ಮೂರು ಸಲ ನೀರು ಹೊಯ್ಯಬೇಕು.

ಅಪಾಯದ ಲಕ್ಷಣಗಳು

ನೆಮ್ಮದಿಯಾಗಿರುವ ದನವು ನಿಮಿಷಕ್ಕೆ 30ಕ್ಕೆ ಮೀರದಂತೆ ಉಸಿರಾಡುವುದು. ಪಕ್ಕೆಯ ಏರಿಳಿತವನ್ನು ಎಣಿಸಿದರೆ ಇದು ತಿಳಿಯುವುದು. 60ಕ್ಕೆ ಮೀರಿದರೆ ತಾಪದ ಬಾಧೆಯೆಂದು ತಿಳಿದು ಕೂಡಲೇ ನೊಗ ಕಳಚಬೇಕು. ಬಾಯಿ ತೆರೆದು, ನಾಲಗೆ ಚಾಚಿ, ಜೊಲ್ಲು ಸುರಿಸುತ್ತಾ ತೂರಾಡುವ ರಾಸು ಪ್ರಾಣಾಪಾಯದಲ್ಲಿರುವುದು. ಅದನ್ನು ನಡೆಸದೆ ಅಲ್ಲಿಯೇ ನೆರಳು ಮಾಡಿ, ಮೈಯೆಲ್ಲಾ ನೀರು ಹೊಯ್ದು ಗಾಳಿ ಬೀಸಬೇಕು. ದಪ್ಪನಾದ ಒದ್ದೆ ಗೋಣಿಯನ್ನು ಹೊದಿಸಿ ಗಾಳಿಯನ್ನು ತಡೆಯಬಾರದು. ತಾನಾಗಿ ಕುಡಿಯುವುದಾದರೆ ನೀರನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬಹುದು. ಗೊಟ್ಟದಿಂದ ಬಲವಂತವಾಗಿ ಹೊಯ್ದರೆ ಶ್ವಾಸಕೋಶಕ್ಕೆ ಇಳಿದೀತು. ಪಶುವೈದ್ಯರಿಗೆ ತಡಮಾಡದೆ ಹೇಳಿಕಳುಹಿಸಬೇಕು.

ಗ್ರಾಮದ ಹೊಣೆ

ಕೊಟ್ಟಿಗೆಯ ಏರ್ಪಾಡು ಒಬ್ಬೊಬ್ಬ ಒಡೆಯನಿಗೆ ಸೇರಿದುದು. ಆದರೆ ಕೆರೆ, ಗುಂಡುತೋಪು, ಗೋಮಾಳಗಳು ಊರಿಗೆ ಸೇರಿದುವು. ಕೆರೆಯ ಅಂಗಳ ಒತ್ತುವರಿಯಾದರೆ ಎಮ್ಮೆ ಬೀಳುವ ಹೊಂಡವೂ ಬೇಸಿಗೆಯ ಹುಲ್ಲೂ ಒಟ್ಟಿಗೆ ಹೋಗುವುವು. ತೋಪು ಕಡಿದರೆ ಮಂದೆಯು ತಂಗುವ ಮನೆಯೇ ಹೋದಂತೆ. ಸ್ವಂತ ನೆರಳು ನೀರುಗಳಿಲ್ಲದ ಬಡವನ ಒಂದೆರಡು ರಾಸುಗಳಿಗೆ ಮೊದಲು ಪೆಟ್ಟು ತಗಲುವುದು. ಆದುದರಿಂದ ಗ್ರಾಮದ ಮುಖಂಡರು ಮಾಘಮಾಸ ಮುಗಿಯುವುದರೊಳಗೆ ಕೆರೆಯಂಗಳವನ್ನೂ ತೋಪನ್ನೂ ಕಣ್ಣಾರೆ ನೋಡಿ, ದನದ ತೊಟ್ಟಿಗಳನ್ನು ದುರಸ್ತು ಮಾಡಿಸಿ, ಬರುವ ಮಳೆಗಾಲಕ್ಕೆ ಹೊಂಗೆ, ಬೇವು, ಆಲದ ಸಸಿಗಳನ್ನು ನೆಡಿಸಲು ಸ್ಥಳವನ್ನು ಗೊತ್ತುಮಾಡತಕ್ಕದ್ದು.