ದೇವರಿಗೇ ಭಾವ ಎನ್ನುವವರು

ಯಳಂದೂರಿನಿಂದ ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿ ಬೆಟ್ಟ ಹತ್ತುವ ಭಕ್ತಾದಿಗಳು ದಾರಿಯಲ್ಲಿ ಸೋಲಿಗರ ಮನೆಗಳನ್ನು ನೋಡಿರುತ್ತೀರಿ. ಬಹಳ ಜನ ಬಸ್ಸಿನ ಕಿಟಕಿಯಿಂದಲೇ "ಕಾಡಿನೋರು" ಅಂತ ಹೇಳಿ ಮುಂದಕ್ಕೆ ಹೋಗಿಬಿಡ್ತಾರೆ. ಆದರೆ ಶ್ರೀ ಬಿಳಿಗಿರಿರಂಗನಾಥಸ್ವಾಮಿಯವರಿಗೆ ಇವರು ಹೊರಗಿನವರಲ್ಲ, ಬೀಗರು.

ಸ್ವಾಮಿಯು ಸೋಲಿಗರ ಹೆಣ್ಣುಮಗಳು ಕುಸುಮಾಲೆಯನ್ನು ಮೆಚ್ಚಿ ಕೈಹಿಡಿದನೆಂದು ಪ್ರತೀತಿ. ಆದ್ದರಿಂದ ಅವರು ದೇವರನ್ನು "ರಂಗಭಾವ" ಎನ್ನುತ್ತಾರೆ. ಇದನ್ನು ಸ್ವಲ್ಪ ಯೋಚನೆ ಮಾಡಿ ನೋಡಬೇಕು. ನಾವು ದೇವರ ಮುಂದೆ ಕೈಯೊಡ್ಡಿ ಬೇಡುತ್ತೇವೆ. ಭಾವನ ಹತ್ತಿರ ಯಾರಾದರೂ ಬೇಡ್ತಾರಾ? ರೇಗಿಸಬಹುದು, ಜಗಳ ಆಡಬಹುದು, ನಮ್ಮ ಮನೆ ಹೆಣ್ಣು ಕೊಟ್ಟಿದ್ದೀವಿ ಎಂದು ಹಕ್ಕಿನಿಂದ ಕೇಳಬಹುದು. ಊರಿನವರು ದೂರ ಇಟ್ಟ ಜನ ದೇವರ ಜೊತೆ ಇಷ್ಟು ಸಲಿಗೆ ಇಟ್ಟುಕೊಂಡರೆ ಅವರ ತಲೆ ತಗ್ಗುವುದು ಹೇಗೆ? ಹನೂರು ಕಡೆ ಮಲೆ ಮಹದೇಶ್ವರರ ಕಥೆಯಲ್ಲೂ ಹೀಗೆಯೇ. ಕಾಡನ್ನೇ ಬಯಸಿದ ಕಾರಯ್ಯನನ್ನು ಮಾದಪ್ಪ ಮಗನೆಂದು ಒಪ್ಪಿದ, ಆತನ ವಂಶವೇ ಸೋಲಿಗರು ಎನ್ನುತ್ತಾರೆ.

ಈ ಧೈರ್ಯಕ್ಕೆ ಪರೀಕ್ಷೆಯೂ ಬಂತು. 1974ರಲ್ಲಿ ಕಾಡು ವನ್ಯಧಾಮವಾಯಿತು. ಬೇಟೆ, ಕಾಡಿನೊಳಗಿನ ಬೇಸಾಯ ನಿಂತವು. ಒಳಗಿನ ಪೋಡುಗಳನ್ನು ಬಿಟ್ಟು ಎಷ್ಟೋ ಕುಟುಂಬ ರಸ್ತೆ ಪಕ್ಕದ ಕಾಲೋನಿಗೆ ಬಂದವು. ಹುಟ್ಟಿದ ಜಾಗದಲ್ಲೇ ಹೊರಗಿನವರಾದದ್ದು ಆಗ. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ತೆರೆದು ಔಷಧಿ, ಶಾಲೆ ತಂದರು. ಅದು ದೊಡ್ಡ ಉಪಕಾರವೇ. ಆದರೆ ನನ್ನ ಮಟ್ಟಿಗೆ ಹೆಚ್ಚು ದೊಡ್ಡದು, ಆಮೇಲೆ ಸೋಲಿಗರು ತಾವೇ ಮಾಡಿಕೊಂಡದ್ದು. ಹಿರಿಯರನ್ನು ಕೂರಿಸಿ ಕೇಳಿ, ಕಾಡಿನಲ್ಲಿ ತಮ್ಮ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಇರುವ ಜಾಗಗಳನ್ನು ನಕಾಶೆಗೆ ಹಾಕಿಸಿದರು. 400ಕ್ಕೂ ಮಿಗಿಲಾದವು! ಬರಹವಿಲ್ಲದ ಅಜ್ಜಂದಿರ ನೆನಪು ಕಾಗದವಾಯಿತು. ಕಚೇರಿಯಲ್ಲಿ ಕಾಗದ ನೋಡುವ ನನ್ನಂಥವರಿಗೆ ಅದರ ಬೆಲೆ ಗೊತ್ತು.

2011ರ ಜನವರಿಯಲ್ಲಿ ಇದು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾಯಿತು. ಮತ್ತೆ ಎತ್ತಂಗಡಿ ಮಾಡ್ತಾರೇನೋ ಎಂಬ ಭಯ. ಅದೇ ವರ್ಷ 2006ರ ಅರಣ್ಯ ಹಕ್ಕು ಕಾಯ್ದೆಯಂತೆ ಅವರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಜೇನು, ನೆಲ್ಲಿಕಾಯಿ, ಪೂಜೆ ಎಲ್ಲಕ್ಕೂ ಹಕ್ಕು. ಹುಲಿಕಾಡಿನೊಳಗೆ ಇಂಥ ಹಕ್ಕು ಪಡೆದವರಲ್ಲಿ ದೇಶಕ್ಕೇ ಇವರು ಮೊದಲಿಗರು. ಈ ಕೆಲಸದಲ್ಲಿ ಓಡಾಡಿದ ಸಿ. ಮಾದೇಗೌಡರು ಸೋಲಿಗರಲ್ಲಿ ಮೊದಲು ಪಿಎಚ್.ಡಿ. ಪಡೆದವರು.

ಭಕ್ತಾದಿಗಳಲ್ಲಿ ಒಂದು ವಿನಂತಿ. ಭಾರ್ಗವಿ ಹೊಳೆ ದಡದ ದೊಡ್ಡಸಂಪಿಗೆ ಮರ ಸೋಲಿಗರಿಗೆ ಸಾಕ್ಷಾತ್ ದೇವರು. ಅಲ್ಲಿಗೆ ಹೋಗುವುದಾದರೆ ಅರಣ್ಯ ಇಲಾಖೆಯವರ ಅನುಮತಿ ಪಡೆದು ಹೋಗಿ. ಚಪ್ಪಲಿ ದೂರ ಬಿಡಿ. ಪೂಜೆ ನಡೆಯುತ್ತಿದ್ದರೆ ಕೇಳದೆ ಫೋಟೋ ತೆಗೆಯಬೇಡಿ, ಪೂಜೆ ಮಾಡುವ ಹಿರಿಯರನ್ನು "ಅಯ್ಯಾ" ಎಂದು ಕರೆದು ಮಾತನಾಡಿಸಿ.