ಕಪಟ, ಕ್ರೌರ್ಯ ಮತ್ತು ಗುಣದ ಪ್ರಶ್ನೆ: ಸುರಪುರ ಕುರಿತ ಬರಹಗಳ ಹಿನ್ನೆಲೆಯಲ್ಲಿ

ಕಪಟವೂ ನಿರ್ದಯತೆಯೂ ಸಾಹಿತ್ಯದಲ್ಲಿ ಗುಣಗಳೆನಿಸಬಲ್ಲವೇ ಎಂಬ ಪ್ರಶ್ನೆ ಕನ್ನಡಕ್ಕೆ ಹೊಸದಲ್ಲ. ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹನು ಪಂಚತಂತ್ರವನ್ನು ಕನ್ನಡಕ್ಕೆ ತಂದಾಗಲೇ ದಮನಕನ ನರಿಬುದ್ಧಿ ನೀತಿಬೋಧೆಯ ಸಾಮಗ್ರಿಯಾಯಿತು. ಆದರೆ ಈ ಎರಡನ್ನೂ ಜೋಡುನುಡಿಯಂತೆ ಒಟ್ಟಿಗೆ ತೂಗುವುದರಿಂದ ಚರ್ಚೆ ಮಸುಕಾಗುತ್ತದೆ. ಅವನ್ನು ಬಿಡಿಸಿ ನೋಡಲು ಇಂದಿನ ಯಾದಗಿರಿ ಜಿಲ್ಲೆಯ ಸುರಪುರ ಸಂಸ್ಥಾನವನ್ನು ಕುರಿತ ಬರಹಗಳು ನೆರವಾಗುತ್ತವೆ.

1705ರಲ್ಲಿ ಔರಂಗಜೇಬನು ಸುರಪುರದ ಸಮೀಪದ ವಾಗಣಗೇರಾ ಕೋಟೆಯನ್ನು ಸ್ವತಃ ಮುತ್ತಿದನು; ಅದು ಅವನ ಕೊನೆಯ ಮುತ್ತಿಗೆ. ಪಿಡ್ಡನಾಯಕನು ಶರಣಾಗತಿಯ ಮಾತುಕತೆಯನ್ನು ಲಂಬಿಸುತ್ತ ಕಾಲ ಕಳೆದು, ಮರಾಠರ ನೆರವು ಬಂದ ಮೇಲೆ ಪ್ರತಿರೋಧವನ್ನು ಮುಂದುವರಿಸಿ, ಕೋಟೆ ಕೈತಪ್ಪುವ ಹೊತ್ತಿಗೆ ಪಾರಾದನು. ಮೊಗಲರ ಪಕ್ಷದ ಬರಹಗಾರರಿಗೆ ಇದು ವಂಚನೆ, ನಾಯಕರ ಪಕ್ಷದಿಂದ ಬರೆದವರಿಗೆ ಯುಕ್ತಿ. ಎದುರಾಳಿ ಬಲಿಷ್ಠನಾದಾಗ ಕಪಟ ಗುಣವಾಗುತ್ತದೆಯೆಂದು ಇಲ್ಲಿಗೇ ನಿಲ್ಲಿಸಬಹುದು. ಆದರೆ ಈ ವಿವರಣೆ ಸಾಲದು.

ಮುಂದೆ ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿ 1853ರವರೆಗೆ ಇದ್ದ ಫಿಲಿಪ್ ಮೆಡೋಸ್ ಟೇಲರ್, 1839ರಲ್ಲಿ ಠಕ್ಕನೊಬ್ಬನ ತಪ್ಪೊಪ್ಪಿಗೆಯ ರೂಪದ ಕಾದಂಬರಿಯನ್ನು ಪ್ರಕಟಿಸಿದ್ದನು. ಅದರ ನಿರೂಪಕ ಅಮೀರ್ ಅಲಿಗೆ ಎದುರಾಗುವವರು ಬಲಿಷ್ಠರಲ್ಲ. ಅವನನ್ನು ನಂಬಿ ಜೊತೆಗೂಡಿದ ದಾರಿಹೋಕರು. ಆದರೂ ಅವನ ಮಾತಿನ ಸವಿ, ತಾಳ್ಮೆ, ವೇಷಚಾತುರ್ಯಗಳಿಗೆ ಓದುಗನು ಮಾರುಹೋಗುತ್ತಾನೆ. ಹತರಾದವರು ಹೆಸರಿಲ್ಲದೆ ಸರಿದುಹೋಗುವವರೆಗೆ ನಿರ್ದಯತೆಯೂ ಕಸುಬಿನ ನೈಪುಣ್ಯವೆಂದೇ ತೋರುತ್ತದೆ. ತಾನು ಕೊಂದವಳೊಬ್ಬಳು ಸ್ವಂತ ತಂಗಿಯೆಂದು ಅವನಿಗೆ ತಿಳಿದ ಕ್ಷಣದಲ್ಲಿ ಈ ಮೋಡಿ ಒಡೆಯುತ್ತದೆ. ಚಾತುರ್ಯದ ಬಗೆಗಿನ ಮೆಚ್ಚುಗೆ ಆಮೇಲೂ ಪೂರ್ತಿ ಅಳಿಯುವುದಿಲ್ಲ, ಕ್ರೌರ್ಯವನ್ನು ಮಾತ್ರ ಗುಣವೆನ್ನಲಾಗದು. ಆದ್ದರಿಂದ ಕಪಟವು ಕಥನದಲ್ಲಿ ಗುಣವಾಗಿ ಬಾಳಬಲ್ಲದು. ಕ್ರೌರ್ಯಕ್ಕೆ ಆ ಪಟ್ಟ ದಕ್ಕುವುದು ಬಲಿಯಾದವರ ಮುಖವನ್ನು ಪಠ್ಯವು ಮರೆಮಾಡಿದಾಗ. ವೀರಕಥನಗಳನ್ನು ಓದುವಾಗಲೂ ಈ ಎಚ್ಚರ ಅಗತ್ಯ. ವಾಗಣಗೇರಾ ಮುತ್ತಿಗೆಯಲ್ಲಿ ಮಡಿದ ಸಾಮಾನ್ಯ ಸೈನಿಕರು ಎರಡೂ ಪಕ್ಷಗಳ ಬರಹಗಳಲ್ಲಿ ಹೆಚ್ಚುಕಡಿಮೆ ಅನಾಮಧೇಯರೇ.

ಠಕ್ಕನ ಬಗ್ಗೆ ಇಷ್ಟು ಉದಾರಿಯಾದ ಟೇಲರನು ರಾಣಿ ಈಶ್ವರಮ್ಮನ ಬಗ್ಗೆ ಹಾಗಿಲ್ಲ. ಅವನ ಮರಣಾನಂತರ 1877ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ, ಅಧಿಕಾರ ಉಳಿಸಿಕೊಳ್ಳಲು ಆಕೆ ನಡೆಸಿದ ರಾಜಕಾರಣಕ್ಕೆ ಒಳಸಂಚಿನ ಬಣ್ಣ ಬಳಿಯಲಾಗಿದೆ. ಆಡಳಿತದ ಹಿಡಿತಕ್ಕಾಗಿ ತಾನೇ ಹೂಡಿದ ಉಪಾಯಗಳು ಅದೇ ಪುಸ್ತಕದಲ್ಲಿ ಮುತ್ಸದ್ದಿತನವೆನಿಸಿವೆ. ಸ್ತ್ರೀಯ ಕಪಟಕ್ಕೂ ವಸಾಹತುಶಾಹಿಯ ಕಪಟಕ್ಕೂ ಅಳತೆಗೋಲು ಬೇರೆಯೆಂಬುದು ಇಲ್ಲಿ ಮುಚ್ಚುಮರೆಯಿಲ್ಲದೆ ಕಾಣುತ್ತದೆ.

ಇದಕ್ಕಿಂತ ಕುತೂಹಲಕರವಾದುದು ಆಕೆಯ ಮಗನ ಚಿತ್ರ. 1858ರ ಬಂಡಾಯದ ನಂತರ ಸೆರೆಯಲ್ಲಿದ್ದ ರಾಜಾ ವೆಂಕಟಪ್ಪ ನಾಯಕನನ್ನು ಕಂಡ ಟೇಲರ್, ಪ್ರೇರೇಪಿಸಿದವರ ಹೆಸರು ಹೇಳೆಂದು ಒತ್ತಾಯಿಸುತ್ತಾನೆ. ಟೇಲರನನ್ನು ಅಪ್ಪನೆಂದು ಕರೆಯುತ್ತಿದ್ದ ರಾಜನು ಬಾಯಿಬಿಡುವುದಿಲ್ಲ. ಈ ಭೇಟಿಗೆ ನಮಗಿರುವ ಸಾಕ್ಷಿ ಟೇಲರನದೇ ಎಂಬುದನ್ನು ಮರೆಯುವಂತಿಲ್ಲ. ಹಾಗಿದ್ದರೂ ತಾಯಿಯ ಗೋಪ್ಯವನ್ನು ಕುಟಿಲವೆಂದ ಲೇಖನಿಯೇ ಮಗನ ಗೋಪ್ಯವನ್ನು ಮಾನವಂತಿಕೆಯೆಂದು ದಾಖಲಿಸಿದೆ.